ಸೋಮವಾರ ಸುಮ್ಮನಿದ್ದ ಫೋನು

ಆ ಮಂಗಳವಾರ ನಾನು ಕಲಿಸುವ ಕಾಲೇಜಿನ ಕಂಪ್ಯೂಟರ್ ಕೋಣೆಯಲ್ಲಿ ಕೆಟ್ಟ ಮೌಸೊಂದನ್ನು ಬಿಚ್ಚಿಕೊಂಡು ಕೂತಿದ್ದೆ. ಹನ್ನೊಂದರ ಸುಮಾರಿಗೆ ಆಶಾ ಫೋನು ಮಾಡಿದಳು. ಆಶಾ ಎಂಬುದು ಅವಳ ಹೆಸರಲ್ಲ. ಕಲಘಟಗಿಯಿಂದ ಬಮ್ಮಿಗಟ್ಟಿಗೆ ಹೋಗುವ ದಾರಿಯ ಒಂದು ಹಳ್ಳಿಯಲ್ಲಿ ಅವಳು ಆಶಾ ಕಾರ್ಯಕರ್ತೆ. ಬಸುರಿಯರು, ಬಾಣಂತಿಯರು, ಕೂಸುಗಳ ಲಸಿಕೆ, ಎಲ್ಲ ಅವಳ ತಲೆಯ ಮೇಲೆ. ಊರವರು ಆಶಾ ಎಂದೇ ಕರೆಯುತ್ತಾರೆ, ನಾನೂ ಹಾಗೇ ಕರೆಯುತ್ತೇನೆ.

“ಅಕ್ಕೋರ, ನನ್ನ ಫೋನಿಗೆ ಹಾಕಿಕೊಟ್ಟೀರೆಲ್ಲಾ, ಆ ಕೂಗು, ಅದು ಸೋಮಾರಕ್ಕೊಮ್ಮೆ ಮುನಿಸ್ಕೊಳ್ತೈತೇನ್ರಿ?” ಎಂದಳು. ನಗುತ್ತಲೇ ಕೇಳಿದಳು. “ನಿನ್ನಿ ಎರಡು ಕೂಸಿಗೆ ಲಸಿಕೆ ಇದ್ವು. ನನಗ ನೆನಪಿತ್ತು, ಮಾಡಿಸಿದೆ. ಫೋನು ಮಾತ್ರ ತುಟಿ ಬಿಚ್ಚಲಿಲ್ಲ, ಈಗ ಲಕ್ಷ್ಯಕ್ಕ ಬಂತು. ಹಿಂದಿನ ಸೋಮಾರನೂ ಹಂಗ.”

ನಾನು ಮೊದಲೇ ಸಿಡುಕಿನವಳು. “ಚಾರ್ಜ್ ಇರ್ಲಿಕ್ಕಿಲ್ಲ ತಗೋ, ನೀ ಫೋನು ಎಲ್ಲೆರ ಒಗದು...” ಎಂದು ಬಾಯಿ ಮಾಡಲು ಹೊರಟವಳು ನಡುವೆಯೇ ನಿಂತೆ. ಸೋಮವಾರ ಎಂದದ್ದು ಆಗ ತಲೆಗೆ ಹೋಯಿತು.

ಕೂಗು ಎಂಬುದು ನಾವು ಕೆಲವರು ಸೇರಿ ಮಾಡಿದ ಪ್ರೋಗ್ರಾಮು. ನಾವು ಮಾಡಿದ್ದಾದರೂ ಅದು ಯಾರ ಸ್ವತ್ತೂ ಅಲ್ಲ. ಅದರ ಒಳಗನ್ನು ಯಾರು ಬೇಕಾದರೂ ತೆಗೆದು ನೋಡಬಹುದು, ತಿದ್ದಬಹುದು, ಹಂಚಬಹುದು. ಓಪನ್ ಸೋರ್ಸ್ ಅನ್ನುತ್ತಾರಲ್ಲ, ಆ ಬಗೆಯದು. ಅದು ಮಾಡುವ ಕೆಲಸ ಸಣ್ಣದು. ಇಂಥ ದಿನ ಇಂಥ ಕೆಲಸ ಎಂದು ಹೇಳಿಟ್ಟರೆ, ಆ ದಿನ ಮುಂಜಾನೆ ಫೋನು ನಮ್ಮ ಮಾತಿನಲ್ಲೇ ಕೂಗಿ ಹೇಳುತ್ತದೆ. “ಯಕ್ಕಾ, ಇವತ್ತ ಮೆಣಸಿನಗಿಡಕ್ಕ ಹುಳದ ಎಣ್ಣಿ ಹೊಡಿಯೂದೈತಿ.” ಅಷ್ಟೇ. ಇದಕ್ಕಿಂತ ಹೆಚ್ಚಿನದು ಬೇಕಾದವರು ತಾವೇ ಒಂದು ತುಂಡು ಬರೆದು ಕೂಗಿಗೆ ಜೋಡಿಸಿಕೊಳ್ಳಬಹುದು. ಅದಕ್ಕೆ ಎಕ್ಸ್‌ಟೆನ್ಶನ್ ಎನ್ನುತ್ತೇವೆ. ಅಮಾವಾಸ್ಯೆ ಹುಣ್ಣಿಮೆ ಹೇಳುವುದನ್ನು ಒಬ್ಬರು ಬರೆದರು. ಕಿವಿ ಮಂದ ಇದ್ದವರಿಗೆ ಮೂರು ಸಲ ಕೂಗುವುದನ್ನು ಇನ್ನೊಬ್ಬರು ಬರೆದರು. ಊರೂರಿನಿಂದ ಹೀಗೆ ಬಂದದ್ದನ್ನೆಲ್ಲ ಪರೀಕ್ಷೆ ಮಾಡಿ, ಎಲ್ಲರಿಗೂ ಸಿಗುವಂತೆ ವೆಬ್‌ಸೈಟಿನಲ್ಲಿ ಇಡುವುದು ನನ್ನ ಪಾಲಿನ ಕೆಲಸ. ನಾವು ಆ ಜಾಗವನ್ನು ‘ಮಾಡ’ ಎನ್ನುತ್ತಿದ್ದೆವು, ಅಂದರೆ ಗೋಡೆಯ ಗೂಡು. ಕಾಲೇಜು ಬಿಟ್ಟ ಮೇಲೆ, ತೊಟ್ಟಿಲು ಮಾಡುವವರ ಕಾರ್ಖಾನೆಯ ಮೇಲಿನ ನನ್ನ ಬಾಡಿಗೆ ಕೋಣೆಯಲ್ಲಿ, ಅರಗಿನ ವಾಸನೆಯಲ್ಲಿ ಕೂತು ಈ ಮಾಡದ ಕಸ ಹೊಡೆಯುತ್ತಿದ್ದೆ.

ಕಸ ಹೊಡೆಯುವುದರಲ್ಲಿ ನಾನು ಬಹಳ ಕಟ್ಟುನಿಟ್ಟು ಎಂದು ನನಗೆ ಜಂಬವಿತ್ತು. ನಿಯಮಗಳನ್ನು ನಾನೇ ಬರೆದಿದ್ದೆ. ಎಕ್ಸ್‌ಟೆನ್ಶನ್ ಯಾರ ಮಾಹಿತಿಯನ್ನೂ ಹೊರಗೆ ಕಳಿಸಕೂಡದು. ಯಾರು ಏನನ್ನು ಹಾಕಿಕೊಂಡರು ಎಂದು ನಾವು ಬರೆದಿಟ್ಟುಕೊಳ್ಳುವುದಿಲ್ಲ, ಎಷ್ಟು ಫೋನು ಎಂಬ ಲೆಕ್ಕ ಮಾತ್ರ. ಒಬ್ಬರ ಹೆಸರಲ್ಲಿ ಇಟ್ಟದ್ದನ್ನು ಇನ್ನೊಬ್ಬರು ಮುಟ್ಟಕೂಡದು, ತಿದ್ದಿದ್ದನ್ನು ತಮ್ಮ ಹೆಸರಲ್ಲೇ ಬೇರೆ ಇಡಬೇಕು, ಬರೆದವರ ಗುಪ್ತ ಕೀಲಿ ಇಲ್ಲದೆ ಅದರಲ್ಲಿ ಒಂದು ಚುಕ್ಕೆಯೂ ಬದಲಾಗದು. ಹಳ್ಳಿಯ ಹೆಣ್ಣುಮಕ್ಕಳು ಬಳಸುವ ಪ್ರೋಗ್ರಾಮು, ಅವರ ಗುಟ್ಟು ಅವರಲ್ಲೇ ಇರಲಿ ಎಂಬ ಆಸೆ ನನ್ನದು. ಸಭೆಗಳಲ್ಲಿ ಇದನ್ನೇ ಎದೆ ಉಬ್ಬಿಸಿ ಹೇಳುತ್ತಿದ್ದೆ.

ನಾಲ್ಕು ತಿಂಗಳ ಹಿಂದೆ ಯಮನೂರಿನ ಕಡೆಯಿಂದ ಒಂದು ಎಕ್ಸ್‌ಟೆನ್ಶನ್ ಬಂತು. ಬರೆದವರು ನಿವೃತ್ತ ಗಣಿತದ ಮಾಸ್ತರರು. ಎಪ್ಪತ್ತರ ಹತ್ತಿರದವರು, ಮೊಮ್ಮಗಳ ಪುಸ್ತಕ ನೋಡಿ ಪ್ರೋಗ್ರಾಮಿಂಗ್ ಕಲಿತವರು. ನಮ್ಮ ಕಡೆ ಸೋಮವಾರ ಎತ್ತು ಹೂಡುವುದಿಲ್ಲ. ಅದು ಬಸವಣ್ಣನ ದಿನ. ಎತ್ತಿಗೆ ಮೈ ತೊಳೆದು, ಮೇವು ಹಾಕಿ ಬಿಡುತ್ತಾರೆ. ಆದರೆ ಕೂಗು ಸೋಮವಾರವೂ “ಹೊಲಾ ಹರಗೂದೈತಿ ಏಳ್ರಿ” ಎಂದು ಅರಚುತ್ತಿತ್ತು. ಮಾಸ್ತರರಿಗೆ ಅದು ಸರಿ ಬರಲಿಲ್ಲ. ಅದಕ್ಕೇ ಸೋಮವಾರ ಬಂದರೆ ಫೋನು ಬಾಯಿ ಮುಚ್ಚಿಕೊಂಡಿರುವ ಹಾಗೆ, ಆ ದಿನದ ಪುಟವನ್ನೇ ಖಾಲಿ ತೋರಿಸುವ ಹಾಗೆ ಬರೆದು ಕಳಿಸಿದರು.

ಓದಿ ನನಗೆ ಹಿಗ್ಗೋ ಹಿಗ್ಗು. ಅಪ್ಪ ಸೋಮವಾರ ಎತ್ತಿನ ಕೋಡಿಗೆ ಎಣ್ಣೆ ಹಚ್ಚುತ್ತಿದ್ದುದು ಕಣ್ಣಿಗೆ ಕಟ್ಟಿತು. ಬೇರೆ ಯಾವ ದೇಶದ ಪ್ರೋಗ್ರಾಮಿನಲ್ಲಿ ಇಂಥದಿದೆ ತೋರಿಸಿ ನೋಡೋಣ ಎಂದು ಗೆಳತಿಯರಿಗೆಲ್ಲ ಹೇಳಿಕೊಂಡು ತಿರುಗಿದೆ. ಮಾಹಿತಿ ಕದಿಯುತ್ತದೆಯೇ? ಇಲ್ಲ. ಹೊರಗೆ ಏನಾದರೂ ಕಳಿಸುತ್ತದೆಯೇ? ಇಲ್ಲ. ಪಾಸು. ಅಷ್ಟಕ್ಕೇ ಬಿಟ್ಟೆನೇ? ಇಲ್ಲ. ಹೊಸಬರಿಗೆ ಅನುಕೂಲವಾಗಲಿ ಎಂದು ನಾನು ಕೆಲವು ಎಕ್ಸ್‌ಟೆನ್ಶನ್‌ಗಳನ್ನು ಒಟ್ಟು ಮಾಡಿ, ಒಂದೇ ಸಲಕ್ಕೆ ಹಾಕಿಕೊಳ್ಳುವ ಹಾಗೆ ‘ನಮ್ಮೂರ ಕಟ್ಟು’ ಎಂದು ಇಟ್ಟಿದ್ದೆ. ಇದನ್ನೂ ಅದರೊಳಗೆ ಸೇರಿಸಿದೆ. ಹೋದ ತಿಂಗಳು ಆಶಾಳ ಫೋನಿಗೆ ಆ ಕಟ್ಟನ್ನು ನನ್ನ ಕೈಯಾರೆ ಹಾಕಿಕೊಟ್ಟೆ. “ಇನ್ನ ಈ ವಹಿ, ಚೀಟಿ ಎಲ್ಲಾ ಯಾಕ ಬೇ? ಎಲ್ಲಾ ಇದರಾಗ ಹಾಕು, ಇದು ಹೇಳಿದ್ದು ಕೇಳು” ಎಂದು ಅವಳ ಹರಕು ವಹಿಯನ್ನು ಗೇಲಿ ಮಾಡಿದ್ದೂ ನಾನೇ.

ಈಗ ಫೋನಿನ ಆ ಕಡೆ ಅವಳು ಕಾಯುತ್ತಿದ್ದಳು.

“ಆಶಾ, ಸೋಮಾರದ್ದು ಬ್ಯಾರೆ ಯಾರ್ದರ ಇತ್ತೇನು? ಫೋನ್ ನೋಡಬ್ಯಾಡ. ಚೀಟಿ ನೋಡು.”

ಚೀಲ ಜಾಲಾಡುವ ಸಪ್ಪಳ ಕೇಳಿತು. ಆಮೇಲೆ ಅವಳ ದನಿ, ನಗು ಪೂರ್ತಿ ಇಳಿದಿತ್ತು.

“ಅಕ್ಕೋರ, ನಾಯಿ ಕಡದಾಕಿದು ಐತ್ರಿ.”

ಊರಿನಲ್ಲಿ ಕೂಲಿಗೆ ಹೋಗುವ ಒಬ್ಬ ಹೆಣ್ಣುಮಗಳಿಗೆ ಎರಡು ವಾರದ ಹಿಂದೆ ಸೋಮವಾರ ಬೀದಿನಾಯಿ ಮೀನಖಂಡ ಹಿಡಿದಿತ್ತು. ಅವತ್ತೇ ದವಾಖಾನೆಗೆ ಹೋಗಿ ಮೊದಲ ಸೂಜಿ ಮಾಡಿಸಿಕೊಂಡಿದ್ದಳು. ಅಲ್ಲಿಂದ ಮೂರು ದಿನಕ್ಕೆ, ಏಳು ದಿನಕ್ಕೆ, ಹದಿನಾಲ್ಕಕ್ಕೆ, ಇಪ್ಪತ್ತೆಂಟಕ್ಕೆ ಮತ್ತೆ ಸೂಜಿ. ಗುರುವಾರದ್ದು ಆಗಿತ್ತು, ಗುರುವಾರ ಫೋನು ಕೂಗಿತ್ತು. ಏಳನೆಯ ದಿನ ಸೋಮವಾರ. ಹದಿನಾಲ್ಕನೆಯ ದಿನ ಸೋಮವಾರ, ಅಂದರೆ ನಿನ್ನೆ. ಎರಡೂ ಹೋಗಿದ್ದವು. ಸೋಮವಾರ ಕಚ್ಚಿಸಿಕೊಂಡವರಿಗೆ ಗುರುವಾರದ್ದೊಂದು ಬಿಟ್ಟರೆ ಉಳಿದ ಎಲ್ಲ ಸೂಜಿಯೂ ಸೋಮವಾರವೇ ಬರುತ್ತದೆ ಎಂಬುದನ್ನು ಕಂಪ್ಯೂಟರ್ ಕಲಿಸುವ ನಾನು ಅವತ್ತು ಬೆರಳು ಮಡಚಿ ಎಣಿಸಿದೆ.

“ಆಕಿನ್ನ ಎಲ್ಲೂ ಹೋಗಗೊಡಬ್ಯಾಡ, ಬಂದೆ” ಎಂದೆ.

ಹೊರಡುವ ಮೊದಲು ಆ ಎಕ್ಸ್‌ಟೆನ್ಶನನ್ನು ಮಾಡದಿಂದ ಕಿತ್ತು ಹಾಕಿದೆ. ಅದರಿಂದ ಏನೂ ಆಗುವುದಿಲ್ಲ ಎಂಬುದೂ ಗೊತ್ತಿತ್ತು. ಹೊಸದಾಗಿ ಯಾರೂ ಹಾಕಿಕೊಳ್ಳಲಾರರು, ಅಷ್ಟೇ. ಈಗಾಗಲೇ ಯಾರ ಫೋನಿನಲ್ಲಿ ಕೂತಿದೆಯೋ ಅಲ್ಲಿ ಕೂತೇ ಇರುತ್ತದೆ. ಅದನ್ನು ನಿಲ್ಲಿಸುವ ಹೊಸ ಪ್ರತಿ ಕಳಿಸಬೇಕಾದರೆ ಮಾಸ್ತರರ ಕೀಲಿಯೇ ಬೇಕು. ಮಾಡದ ಲೆಕ್ಕ ನೋಡಿದೆ. ನಲವತ್ತು ಫೋನು ಎಂದಿತು. ಯಾರ ನಲವತ್ತು? ಎಲ್ಲಿಯ ನಲವತ್ತು? ಬರೆದಿಟ್ಟುಕೊಳ್ಳಬಾರದು ಎಂದು ನಿಯಮ ಮಾಡಿದ ಮಹಾತಾಯಿ ನಾನೇ ಅಲ್ಲವೇ. ಮಾಸ್ತರರಿಗೆ ಫೋನು ಹಚ್ಚಿದೆ. ಬಾರಿಸಿ ಬಾರಿಸಿ ನಿಂತಿತು. ಮತ್ತೆ ಹಚ್ಚಿದೆ. ಮೂರನೆಯ ಸಲ ಅವರ ಮನೆಯಾಕೆ ಎತ್ತಿದರು. “ಹೊಲಕ್ಕ ಹೋಗ್ಯಾರವ್ವಾ, ಫೋನು ಮನ್ಯಾಗ ಬಿಟ್ಟು ಹೋಗ್ಯಾರ” ಎಂದರು. ಬಂದ ಕೂಡಲೇ ಫೋನು ಮಾಡಲು ಹೇಳಿ, ಜೀವ ಹೋಗುವ ಕೆಲಸ ಎಂದು ಹೇಳಿ, ಸ್ಕೂಟಿ ಹತ್ತಿದೆ.

ಅರ್ಧ ತಾಸಿನ ದಾರಿ. ಆ ದಾರಿಯಲ್ಲಿ ನನ್ನನ್ನು ನಾನು ಬೈದುಕೊಂಡದ್ದನ್ನು ಇಲ್ಲಿ ಬರೆಯಲಾರೆ. ಹುಚ್ಚುನಾಯಿ ರೋಗ ಒಮ್ಮೆ ಮೈಗೆ ಹತ್ತಿ ಹೊರಬಿದ್ದರೆ ಅದಕ್ಕೆ ಮದ್ದಿಲ್ಲ. ಸೂಜಿ ಬಿಟ್ಟರೆ ಬೇರೆ ದಾರಿಯೇ ಇಲ್ಲ. ಅಂಥ ಸೂಜಿಗೆ ಅಡ್ಡ ನಿಂತದ್ದು ನಾನು ಹಿಗ್ಗಿ ಹಿಗ್ಗಿ ಇಟ್ಟ ಒಂದು ಪ್ರೋಗ್ರಾಮು.

ಆಕೆ ಭತ್ತದ ಗದ್ದೆಯಲ್ಲಿ ಕಳೆ ತೆಗೆಯುತ್ತಿದ್ದಳು. ಐವತ್ತರ ಹೆಂಗಸು, ಗಟ್ಟಿ ಆಳು. ಆಶಾ ಬದುವಿನ ಮೇಲೆ ನಿಂತು ಕರೆದಾಗ ಕೆಸರುಗಾಲಲ್ಲೇ ಬಂದಳು. ಮೀನಖಂಡದ ಗಾಯ ಆರಿ ಕಪ್ಪಗಾಗಿತ್ತು.

“ಆ ನಾಯಿ ಎಲ್ಲೈತಿ ಯವ್ವಾ?” ಎಂದೆ. ನಾಯಿ ಹತ್ತು ದಿನ ಬದುಕಿ ಓಡಾಡಿಕೊಂಡಿದ್ದರೆ ಭಯವಿಲ್ಲ ಎಂದು ಎಲ್ಲೋ ಓದಿದ್ದೆ. ಆ ಒಂದು ಆಸೆ ಇತ್ತು.

“ಅವತ್ತ ಬಡದ್ ಹಾಕಿದ್ರಲ್ರಿ. ಇನ್ನಿಬ್ಬರ ಮ್ಯಾಲೆ ಹಾರಾಕ ಹೋಗಿತ್ತು, ಬಾಯಾಗ ಜೊಲ್ಲು ಸುರಸ್ತಿತ್ತು” ಎಂದಳು, ನಿನ್ನೆ ಸಂತೆಯಲ್ಲಿ ಕಂಡದ್ದನ್ನು ಹೇಳುವ ಹಾಗೆ.

ಸ್ಕೂಟಿ ತಿರುಗಿಸಿ ನಿಲ್ಲಿಸಿದೆ. ಆಶಾ ನೆಲ ನೋಡುತ್ತಿದ್ದಳು. ಆಕೆಯನ್ನು ಕರೆದದ್ದು ಬಿಟ್ಟರೆ ಅವಳು ಒಂದು ಮಾತೂ ಆಡಿರಲಿಲ್ಲ. ನನ್ನ ಮೇಲಿನ ಸಿಟ್ಟು ಇರಬೇಕು ಎಂದುಕೊಂಡೆ. ಇದ್ದರೆ ತಪ್ಪೇನು?

ಮೂವರೂ ಒಂದೇ ಸ್ಕೂಟಿಯಲ್ಲಿ ತಾಲೂಕಿನ ದವಾಖಾನೆಗೆ ಬಂದೆವು. ಡಾಕ್ಟರು ಚೀಟಿ ನೋಡಿದರು, ತಾರೀಖು ನೋಡಿದರು, ಕನ್ನಡಕ ತೆಗೆದಿಟ್ಟು ಆಕೆಗೆ ಜೋರು ಮಾಡಿದರು.

“ಏನ್ ತಿಳ್ಕೊಂಡೀಯವಾ? ಇದೇನ ನೆಗಡಿ ಗುಳಿಗಿ ಅಂತ ಮಾಡೀಯೇನು, ನೆನಪಾದಾಗ ನುಂಗಾಕ? ಏಳನೇ ದಿನದ್ದಿಲ್ಲ, ಹದಿನಾಲ್ಕನೇ ದಿನದ್ದಿಲ್ಲ. ಜೀವದ ಮ್ಯಾಲೆ ಆಸೆ ಐತೋ ಇಲ್ಲೋ?”

ನಾನು ಬಾಯಿ ತೆಗೆದೆ. ತಪ್ಪು ನನ್ನದು ಎಂದು ಹೇಳುವವಳಿದ್ದೆ. ಅಷ್ಟರಲ್ಲಿ ಆಕೆಯೇ ಮಾತಾಡಿದಳು.

“ನೆನಪಿತ್ರಿ ಸಾಹೇಬ್ರ. ನರ್ಸಬಾಯಿ ಹೇಳಿದ್ರು, ಮುಂದಿನ ಸೋಮಾರ ಬಾ ಅಂತ. ಕೂಲಿ ಬಿಟ್ಟು, ಮುಂಜಾನೆದ್ದು ಜಳಕಾ ಮಾಡಿ, ಇವರ ಮನಿಗೆ ಹೋಗಿದ್ನಿ. ಇವ್ರು ಫೋನ್ ತಗದು ನೋಡಿ, ಇವತ್ತಿಲ್ಲವಾ, ಇದರಾಗ ಏನೂ ಬಂದಿಲ್ಲ, ಬಂದ ಕೂಡ್ಲೆ ನಾನ ಹೇಳ್ತೀನಿ ಅಂದ್ರು. ನಿನ್ನೀನೂ ಹೋಗಿದ್ನಿ. ನಾ ಓದಿದಾಕಿ ಅಲ್ಲ. ಫೋನಿಗೆ ಗೊತ್ತಿರ್ತೈತಿ ಅಂದ್ಕೊಂಡು ಹೊಳ್ಳಿ ಬಂದೆ.”

ಆಶಾ ಗೋಡೆಗೆ ಮುಖ ಮಾಡಿ ಸೆರಗು ಬಾಯಿಗೆ ಒತ್ತಿಕೊಂಡಳು. ಗದ್ದೆಯಲ್ಲಿ ಅವಳಿಗೆ ಬಾಯಿ ಏಕೆ ಬಂದಿರಲಿಲ್ಲ ಎಂದು ಆಗ ತಿಳಿಯಿತು. ಇದು ಹೇಳುವುದನ್ನು ಕೇಳು ಎಂದು ಅವಳಿಗೆ ಕಲಿಸಿದ್ದು ನಾನು. ಅವಳು ಕೇಳಿದ್ದಳು. ಎರಡು ಸೋಮವಾರ ಮನೆ ಬಾಗಿಲಿಗೆ ನಡೆದು ಬಂದ ಜೀವವನ್ನು ನಾನು ಕೊಟ್ಟ ಖಾಲಿ ಪುಟ ತೋರಿಸಿ ಹಿಂದಕ್ಕೆ ಕಳಿಸಿದ್ದಳು. ನಾಚಿಕೆ, ಸಂಕಟ, ಏನೆನ್ನಲಿ ಅದಕ್ಕೆ? ಅಲ್ಲೇ ನೆಲ ಬಿರಿದು ನನ್ನನ್ನು ನುಂಗಬಾರದೇ ಅನ್ನಿಸಿತು.

“ಅವರದಲ್ರಿ ತಪ್ಪು, ನಂದು” ಎಂದೆ. ಡಾಕ್ಟರಿಗೆ ಅರ್ಥವಾಗಲಿಲ್ಲ, ಅರ್ಥ ಮಾಡಿಕೊಳ್ಳುವ ಪುರುಸೊತ್ತೂ ಇರಲಿಲ್ಲ. ಸೂಜಿ ಕೊಡಿಸಿದರು. ಉಳಿದವುಗಳಿಗೆ ಹೊಸ ದಿನ ಬರೆದುಕೊಟ್ಟರು. ನನ್ನನ್ನು ಬಾಜೂಕ್ಕೆ ಕರೆದು, ತಡವಾಗಿದೆ, ಆದರೂ ಎಲ್ಲ ಮುಗಿಸಬೇಕು, ಇದು ಕೆಲವೊಮ್ಮೆ ತಿಂಗಳುಗಟ್ಟಲೆ ಮೈಯಲ್ಲಿ ಅಡಗಿ ಕೂತಿರುತ್ತದೆ, ಕಣ್ಣಿಟ್ಟಿರಿ ಎಂದರು.

ಹೊರಗೆ ಬೇವಿನ ಕೆಳಗೆ ನಿಂತಾಗ ಮಾಸ್ತರರ ಫೋನು ಬಂತು. ಎತ್ತಿದ್ದೇ ತಡ, ಅವರ ವಯಸ್ಸೂ ನೋಡದೆ ಹರಿಹಾಯ್ದೆ. “ನಿಮ್ಮ ಸೋಮಾರ ಒಂದು ಜೀವಾ ತಗೊಳ್ಳಾಕತ್ತೈತ್ರಿ ಮಾಸ್ತರ!” ಎಂದೆ. ನಡೆದದ್ದನ್ನು ಪೂರ್ತಿ ಕೇಳಿಸಿಕೊಂಡರು. ಆಮೇಲೆ ಮೆಲ್ಲಗೆ ಹೇಳಿದರು.

“ಅಲ್ಲವಾ, ಎತ್ತಿನ ಕೆಲಸಕ್ಕಷ್ಟ ಅಂತ ಮೊದಲ ಸಾಲಿನ್ಯಾಗ ಬರದಿದ್ನೆಲ್ಲ. ಎತ್ತಿಗೆ ಮಾಡಿದ್ದನ್ನ ಮನಶ್ಯಾರಿಗೆ ಯಾರ ಹಚ್ಚಿದ್ರು?”

ಬರೆದಿದ್ದರು. ಎರಡು ಸಾಲು ಬರೆದಿದ್ದರು. ಮಾಡದ ಪಟ್ಟಿಯಲ್ಲಿ ಒಂದು ಎಕ್ಸ್‌ಟೆನ್ಶನ್‌ಗೆ ಒಂದೇ ಸಾಲಿನ ಜಾಗವಿತ್ತು. ಪಟ್ಟಿ ಚಂದ ಕಾಣಲಿ ಎಂದು ಆ ಎರಡನ್ನೂ ಕತ್ತರಿಸಿ ‘ಸೋಮವಾರದ ಬಿಡುವು’ ಎಂದಷ್ಟೇ ಇಟ್ಟವಳು ನಾನು. “ನಾನ ಹಚ್ಚಿದೇರಿ” ಎಂದೆ.

ಅವರು ಬೈಯಲಿಲ್ಲ. ಬೈದಿದ್ದರೆ ಚಲೋ ಇತ್ತು. “ಆಕಿ ಹೆಂಗದಾಳ?” ಎಂದು ಕೇಳಿ, ಫೋನಿಟ್ಟು, ಒಂದು ತಾಸಿನೊಳಗೆ ಹೊಸ ಪ್ರತಿ ಕಳಿಸಿದರು. ಅದು ಯಾವುದನ್ನೂ ಮುಚ್ಚಿಡುತ್ತಿರಲಿಲ್ಲ. ತೆರೆದ ಕೂಡಲೇ, ಹಿಂದಿನ ಸೋಮವಾರಗಳಲ್ಲಿ ಯಾವ ಕೂಗು ತಪ್ಪಿದೆಯೋ ಅದನ್ನೆಲ್ಲ ಒಂದೊಂದಾಗಿ ಗಟ್ಟಿಯಾಗಿ ಹೇಳುತ್ತಿತ್ತು. ನಾನು ಮಾಡದ ಬಾಗಿಲಿಗೇ ದೊಡ್ಡ ಅಕ್ಷರದಲ್ಲಿ ತಪ್ಪೊಪ್ಪಿಗೆ ಬರೆದು ಹಾಕಿದೆ. ಸೂಜಿ ಗುಳಿಗೆಗೆ ಕೂಗು ಬಳಸುವವರು ಇವತ್ತೇ ಚೀಟಿ ತೆಗೆದು ನೋಡಿ ಎಂದು ಬರೆದೆ. ಲೆಕ್ಕ ಏರುವುದನ್ನು ನೋಡುತ್ತ ಕೂತೆ. ಹತ್ತು ಫೋನು ಹೊಸದನ್ನು ತೆಗೆದುಕೊಂಡವು, ಇಪ್ಪತ್ತು, ಮೂವತ್ತು. ವಾರದ ಕೊನೆಗೆ ಮೂವತ್ತೇಳಕ್ಕೆ ಬಂದು ನಿಂತಿತು. ಉಳಿದ ಮೂರಕ್ಕಾಗಿ ಕುಂದಗೋಳ, ಅಣ್ಣಿಗೇರಿ, ನವಲಗುಂದ ಎಂದು ಬಸ್ಸು ಹಿಡಿದು ಅಲೆದೆ. ಆಶಾ ಕಾರ್ಯಕರ್ತೆಯರ ಸಭೆ ಎಲ್ಲಿದ್ದರೂ ಹೋಗಿ ಬಾಗಿಲಲ್ಲಿ ನಿಂತು ಒಬ್ಬೊಬ್ಬರ ಫೋನು ಕೇಳಿ ನೋಡಿದೆ. ಎರಡು ಸಿಕ್ಕವು, ಅವುಗಳಲ್ಲಿ ಬರೇ ಹೊಲದ ಕೆಲಸವಿತ್ತು. ಒಂದು ಇವತ್ತಿಗೂ ಸಿಕ್ಕಿಲ್ಲ.

ಆಕೆಯ ಸೂಜಿಗಳು ಮುಗಿದವು. ಪ್ರತಿ ಸಲ ನಾನೇ ಸ್ಕೂಟಿಯಲ್ಲಿ ಕರೆದುಕೊಂಡು ಹೋದೆ. “ಅಕ್ಕೋರ, ನಿಮ್ಮ ಕಾಲೇಜಿಗೆ ರಜಾ ಐತೇನ್ರಿ ಯಾವಾಗ್ಲೂ?” ಎಂದು ಚೇಷ್ಟೆ ಮಾಡುತ್ತಿದ್ದಳು. ನಾನು ನಗಲು ನೋಡುತ್ತಿದ್ದೆ. ಆಕೆ ಒಮ್ಮೆ ಸೀನಿದರೆ, ಗಂಟಲು ಸರಿ ಮಾಡಿಕೊಂಡರೆ, ಸ್ಕೂಟಿ ನಿಲ್ಲಿಸಿ ಹೊರಳಿ ನೋಡುತ್ತಿದ್ದೆ. ಮಾಡವನ್ನು ಮುಚ್ಚಿಬಿಡಬೇಕು ಎಂದು ಹಲವು ಸಲ ಅಂದುಕೊಂಡೆ. ಮುಚ್ಚಿದರೆ ಆ ಒಂದು ಫೋನಿಗೆ ಹೊಸ ಪ್ರತಿ ಎಂದೂ ಮುಟ್ಟುವುದಿಲ್ಲ. ಆ ಒಂದು ಕಾರಣಕ್ಕೆ ಮುಚ್ಚಲಿಲ್ಲ.

ಎರಡು ತಿಂಗಳಾಗಿತ್ತು. ಒಂದು ರವಿವಾರ ಮುಂಜಾನೆ ಆಶಾಳ ಫೋನು. “ಅಕ್ಕೋರ, ಆಕಿಗೆ ಜ್ವರಾ ಬಂದೈತ್ರಿ. ಗಂಟ್ಲಾ ನೋಯ್ತೈತಿ ಅಂತಾಳ. ಜಲ್ದಿ ಬರ್ರಿ.”

ಹೇಗೆ ಹೋದೆನೋ ಗೊತ್ತಿಲ್ಲ. ಚಪ್ಪಲಿ ಒಂದೊಂದು ಬಣ್ಣದ್ದು ಹಾಕಿಕೊಂಡಿದ್ದೆ ಎಂದು ಆಮೇಲೆ ಆಶಾ ಹೇಳಿದಳು. ಆಕೆ ಪಡಸಾಲೆಯಲ್ಲಿ ಕಂಬಳಿ ಹೊದ್ದು ಮಲಗಿದ್ದಳು. ಕಣ್ಣು ಕೆಂಪಾಗಿದ್ದವು. ಆಶಾ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು, ಒಳಗೂ ಇಲ್ಲ, ಹೊರಗೂ ಇಲ್ಲ.

“ಬಂದ್ರೇನ್ರಿ ಅಕ್ಕೋರ” ಎಂದಳು ಆಕೆ, ದನಿ ಒಡೆದಿತ್ತು. “ಇವ್ರಿಗೆ ನೀವರ ಹೇಳ್ರಿ. ಮುಂಜಾನಿಂದ ನೀರ ಕೇಳಾಕತ್ತೀನಿ. ಹೂಂ ಹೂಂ ಅಂತಾರ, ಕೊಡವಲ್ರು.”

ನಾನು ಆಶಾಳ ಮುಖ ನೋಡಿದೆ. ಅವಳು ತಲೆ ಅಲ್ಲಾಡಿಸಿದಳು. ಕಣ್ಣಲ್ಲಿ ನೀರು ಕಟ್ಟಿತ್ತು. ಹುಚ್ಚುನಾಯಿ ರೋಗ ಬಂದವರಿಗೆ ನೀರು ಕಂಡರೆ ಗಂಟಲು ಹಿಡಿದುಕೊಳ್ಳುತ್ತದೆ, ಒಂದು ಗುಟುಕು ಇಳಿಯುವುದಿಲ್ಲ, ಇದು ನಮ್ಮ ಕಡೆ ಯಾರಿಗೆ ಗೊತ್ತಿಲ್ಲ? ನೀರು ಕೊಟ್ಟು ನೋಡುವ ಧೈರ್ಯ ಅವಳಿಗೆ ಬಂದಿರಲಿಲ್ಲ. ಕೊಡದಿದ್ದರೆ ಇನ್ನೂ ಏನೂ ಆಗಿಲ್ಲ ಎಂದುಕೊಂಡಿರಬಹುದು.

ಒಳಗೆ ಹೋಗಿ ಕೊಡದಿಂದ ತಂಬಿಗೆಯಲ್ಲಿ ನೀರು ತುಂಬಿದೆ. ಅರ್ಧ ನನ್ನ ಸೀರೆಯ ಮೇಲೆ ಚೆಲ್ಲಿತು. ಮತ್ತೆ ತುಂಬಿದೆ. ಕೊಡಬೇಕೋ ಬೇಡವೋ ಎಂದು ಒಲೆಯ ಮುಂದೆ ನಿಂತೇ ಇದ್ದೆ. ಕೊನೆಗೆ ಹೊರಗೆ ಬಂದು ಆಕೆಯ ಮುಂದೆ ಹಿಡಿದೆ. ಕಣ್ಣು ಮುಚ್ಚಬೇಕು ಎನ್ನಿಸಿತು. ಮುಚ್ಚಲಿಲ್ಲ.

ಆಕೆ ಎದ್ದು ಕೂತಳು. ತಂಬಿಗೆಯನ್ನು ಎರಡೂ ಕೈಯಲ್ಲಿ ಹಿಡಿದು, ತಲೆ ಹಿಂದಕ್ಕೆ ಬಾಗಿಸಿ, ಗಟಗಟ ಗಟಗಟ ಕುಡಿದಳು. ಗಂಟಲು ಮೇಲೆ ಕೆಳಗೆ ಆಡುವುದನ್ನು ನಾನೂ ಆಶಾಳೂ ನೋಡಿದೆವು. ತಳದ ಹನಿಯವರೆಗೂ ಕುಡಿದು, ತುಟಿ ಒರೆಸಿಕೊಂಡಳು. ಆಶಾ ಬಾಗಿಲಲ್ಲೇ ಕುಸಿದು ಕೂತು ಜೋರಾಗಿ ಅತ್ತಳು. ನನಗೂ ತಡೆಯಲಾಗಲಿಲ್ಲ.

ಆಕೆ ನಮ್ಮಿಬ್ಬರನ್ನೂ ಒಂದು ಸಲ ನೋಡಿದಳು. ಖಾಲಿ ತಂಬಿಗೆಯನ್ನು ನನ್ನ ಕಡೆಗೆ ನೂಕಿದಳು.

“ಅಳೂದು ಆಮ್ಯಾಲೆ ಅಳ್ರಿ. ಮೊದ್ಲ ಇನ್ನೊಂದು ತಂಬಿಗಿ ನೀರ ಕೊಡ್ರಿ.”